ದಿನಕ್ಕೆ 300 ರೊಟ್ಟಿ ಬಡಿಯಬಹುದು, ಹೋಗುತ್ತಿರುವುದು 120. ಗಿರಾಕಿ ಎಲ್ಲಿಂದ ತರಲಿ?

ರೊಟ್ಟಿಅಕ್ಕ_ಧಾರವಾಡ
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮನೆಯಲ್ಲೇ ಖಡಕ್ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತೇನೆ. ಶುರು ಮಾಡಿ ಎಂಟು ತಿಂಗಳಾಯಿತು. ನಾನು, ನಮ್ಮ ಅತ್ತಿ, ಹಿಂದಿನ ಓಣಿಯ ಇಬ್ಬರು ಹೆಣ್ಣುಮಕ್ಕಳು ಸೇರಿ ದಿನಕ್ಕೆ 300 ರೊಟ್ಟಿ ಆರಾಮಾಗಿ ಬಡಿಯಬಹುದು. ಹೋಗುತ್ತಿರುವುದು 120. ಕೆಲವು ದಿನ 80.

ರುಚಿ ಬಗ್ಗೆ ಯಾರೂ ತಕರಾರು ತೆಗೆದಿಲ್ಲ. ಮಾಲ್ದಂಡಿ ಜೋಳ ಬಿಟ್ಟು ಬೇರೆ ತರುವುದಿಲ್ಲ.

ಮಾಡಿ ನೋಡಿದ್ದು ಇಷ್ಟು. 1,000 ಪಾಂಪ್ಲೆಟ್ ಅಚ್ಚು ಹಾಕಿಸಿ ಪೇಪರ್ ಹುಡುಗನಿಗೆ ಕೊಟ್ಟೆ. ನಾಲ್ಕು ಫೋನ್ ಬಂದವು, ಅದರಲ್ಲಿ ಒಬ್ಬರು ಕೆಲಸ ಕೇಳಿದರು. ಆಮೇಲೆ ಅಕ್ಕನ ಮಗ ಒಂದು ರೀಲ್ ಮಾಡಿಕೊಟ್ಟ, ಅದಕ್ಕೆ 3,500 ರೂಪಾಯಿ ಹಾಕಿ ಬೂಸ್ಟ್ ಮಾಡಿದೆ. 61 ಸಾವಿರ ಜನ ನೋಡಿದರು. ಆರ್ಡರ್ ಎರಡು.

ಈಗ ಒಂದು ಕಂಪನಿಯವರು ದಿನಾ ಫೋನ್ ಮಾಡುತ್ತಿದ್ದಾರೆ. ವರ್ಷಕ್ಕೆ 18,000 ಕಟ್ಟಿದರೆ ತಿಂಗಳಿಗೆ 50 ಗಿರಾಕಿಗಳ ನಂಬರ್ ಕೊಡುತ್ತಾರಂತೆ. ಕಟ್ಟಲಾ? ಮನೆಯವರು ಬೇಡ ಅಂತಾರೆ. ಆದರೆ ಅವರು ಎಲ್ಲದಕ್ಕೂ ಬೇಡ ಅಂತಾರೆ.

ಪ್ರೆಸ್_ಕಾಕಾ_ಹುಬ್ಬಳ್ಳಿ
ತಂಗೀ, 18,000 ಕಟ್ಟಬೇಡ. ಪಾಂಪ್ಲೆಟ್ ಅಚ್ಚು ಹಾಕಿ ಹೊಟ್ಟೆ ಹೊರೆಯುವ ನಾನೇ ಹೇಳುತ್ತೇನೆ, ಪಾಂಪ್ಲೆಟ್ ಕೂಡ ಬೇಡ. ಮೊದಲು ಇದನ್ನು ಹೇಳು: ಆ 120 ರೊಟ್ಟಿ ತಿನ್ನುವವರು ಯಾರು?

ಬೆಟ್ಟದತಪ್ಪಲು_ಮೈಸೂರು
ರೇಟ್ ಎಷ್ಟು ಇಟ್ಟಿದೀರಾ ಮೇಡಂ? ಸ್ವಲ್ಪ ಇಳಿಸಿ ನೋಡಿ. ಒಂದು ತಿಂಗಳು ಆಫರ್ ಅಂತ ಬಿಟ್ಟರೆ ಜನ ತಾನಾಗೇ ಬರ್ತಾರೆ.

ರೊಟ್ಟಿಅಕ್ಕ_ಧಾರವಾಡ
20 ರೊಟ್ಟಿ ಪ್ಯಾಕೆಟ್‌ಗೆ 160. ಖಾನಾವಳಿಗೆ ಒಂದಕ್ಕೆ 6 ರೂಪಾಯಿ ಹಿಡಿದು ಕೊಡುತ್ತೇನೆ.

ಕಾಕಾ, ವಹಿ ತೆಗೆದು ನೋಡಿದೆ. 120ರಲ್ಲಿ 60 ಎರಡು ಖಾನಾವಳಿಗೆ ಹೋಗುತ್ತವೆ. ಉಳಿದದ್ದು ಮನೆಗಳಿಗೆ. ವಹಿಯಲ್ಲಿ ಈ ಎಂಟು ತಿಂಗಳಲ್ಲಿ ಬರೆದುಕೊಂಡ ನಂಬರ್ 43 ಇವೆ. ಎಣಿಸಿದಾಗಲೇ ಗೊತ್ತಾಯಿತು: ಅದರಲ್ಲಿ 26 ಮಂದಿ ಒಂದೇ ಸಲ ಒಯ್ದಿದ್ದಾರೆ. ಮತ್ತೆ ಬಂದಿಲ್ಲ.

ಲೆಕ್ಕದಹುಡುಗ
ರೇಟ್ ಇಳಿಸುವ ಮೊದಲು ಒಂದು ನಿಮಿಷ ಅಕ್ಕ. ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಆಗುತ್ತವೆ, ಕೂಲಿ ಎಷ್ಟು, ಗ್ಯಾಸ್ ಎಷ್ಟು?

ರೊಟ್ಟಿಅಕ್ಕ_ಧಾರವಾಡ
ಕಿಲೋಗೆ 25. ಬೀಸಿದ್ದೂ ಸೇರಿ ಹಿಟ್ಟು ಕಿಲೋಗೆ 60 ಬೀಳುತ್ತದೆ. 20 ರೊಟ್ಟಿಗೆ ಕೂಲಿ 50, ಗ್ಯಾಸ್ 14 ಹಿಡಿಯಿರಿ. ಕವರ್ ಮತ್ತು ಸ್ಟಿಕರ್ 6.

ಲೆಕ್ಕದಹುಡುಗ
20 ರೊಟ್ಟಿಗೆ 800 ಗ್ರಾಂ ಹಿಟ್ಟು, ಅಂದರೆ 48. ಒಟ್ಟು ಖರ್ಚು 118. 160ಕ್ಕೆ ಮಾರಿದರೆ 42 ಉಳಿಯುತ್ತದೆ. ಒಂದು ರೊಟ್ಟಿಗೆ ಬರೀ 2 ರೂಪಾಯಿ ಇಳಿಸಿದಿರಿ ಅಂದುಕೊಳ್ಳಿ. ಪ್ಯಾಕೆಟ್ 120 ಆಯಿತು. ಉಳಿಯುವುದು 2 ರೂಪಾಯಿ. ಅಂದರೆ ಈಗ ಒಂದು ಪ್ಯಾಕೆಟ್‌ನಲ್ಲಿ ಸಿಗುವ ದುಡ್ಡಿಗೆ ಆಗ 21 ಪ್ಯಾಕೆಟ್ ಬಡಿಯಬೇಕು. ಮೈಸೂರಿನವರು ಬೇಜಾರು ಮಾಡಿಕೊಳ್ಳಬೇಡಿ, ಆಫರ್ ಅನ್ನುವುದು ಬಟ್ಟೆ ಅಂಗಡಿಗೆ ಸರಿ, ರೊಟ್ಟಿಗಲ್ಲ.

ಇನ್ನೊಂದು. ಖಾನಾವಳಿ ಲೆಕ್ಕ ನೋಡಿ. ಕವರ್ ಬಿಟ್ಟರೆ 20 ರೊಟ್ಟಿಗೆ ಖರ್ಚು 112, ಬರುವುದು 120. ಉಳಿಯುವುದು 8 ರೂಪಾಯಿ. ನಿಮ್ಮ ಅರ್ಧ ವ್ಯಾಪಾರ ಸುಮ್ನೆ ಓಡುತ್ತಿದೆ.

ರೊಟ್ಟಿಅಕ್ಕ_ಧಾರವಾಡ
ಸುಮ್ನೆ ಅಲ್ಲ ತಮ್ಮಾ. ಆ 60 ಇಲ್ಲದಿದ್ದರೆ ಇಬ್ಬರಿಗೂ ದಿನಾ ಕೆಲಸ ಕೊಡಲಿಕ್ಕೆ ಆಗುವುದಿಲ್ಲ. ದಿನಾ ಕೆಲಸ ಇಲ್ಲ ಅಂದರೆ ಅವರು ಬೇರೆ ಕಡೆ ಹೋಗುತ್ತಾರೆ. ಆಮೇಲೆ ಆರ್ಡರ್ ಬಂದರೂ ಬಡಿಯುವವರು ಯಾರು?

ಲೆಕ್ಕದಹುಡುಗ
ಒಪ್ಪಿದೆ. ಅದು ನನಗೆ ಹೊಳೆಯಲಿಲ್ಲ. ಖಾನಾವಳಿ ಇರಲಿ. ಆದರೆ ಮೂರನೆಯ ಖಾನಾವಳಿ ಹುಡುಕಬೇಡಿ.

ಹೋಳಿಗೆ_ಆಂಟಿ_ತುಮಕೂರು
ನಾನು ಒಂಬತ್ತು ವರ್ಷದಿಂದ ಹೋಳಿಗೆ, ಚಕ್ಕುಲಿ, ಕೋಡುಬಳೆ ಮಾಡ್ತಿದೀನಿ. ನಿಮ್ಮ ಪೋಸ್ಟಲ್ಲಿ ನನಗೆ ಕಣ್ಣಿಗೆ ಬಿದ್ದಿದ್ದು ಆ 26. ಹೊಸ ಗಿರಾಕಿ ಹುಡುಕೋಕೆ ಮುಂಚೆ ಆ 26 ಜನಕ್ಕೆ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್.

ಆದರೆ ಒಂದು ವಿಷಯ. "ರೊಟ್ಟಿ ಹೇಗಿತ್ತು?" ಅಂತ ಕೇಳಬೇಡಿ. ನಮ್ಮ ಜನ ಎದುರಿಗೆ ಯಾವತ್ತಾದರೂ ಚೆನ್ನಾಗಿರಲಿಲ್ಲ ಅಂದಿದ್ದಾರಾ? ಹಳಸಿದ ಪಾಯಸ ಬಡಿಸಿದರೂ "ಪರವಾಗಿಲ್ಲ, ಚೆನ್ನಾಗಿದೆ" ಅಂತ ಎದ್ದು ಹೋಗ್ತಾರೆ. ಹೀಗೆ ಕೇಳಿ: "ಹೋದ ವಾರ ರೊಟ್ಟಿ ಎಲ್ಲಿಂದ ತಂದ್ರಿ?" ಅಷ್ಟೇ. ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ. ನನ್ನ ಚಕ್ಕುಲಿ ನಿಂತಿದ್ದು ಯಾಕೆ ಅಂತ ಗೊತ್ತಾಗಿದ್ದು ಹೀಗೇ. ಒಬ್ಬರ ಮನೆಯಲ್ಲಿ ಅಜ್ಜಿಗೆ ಹಲ್ಲಿಲ್ಲ. ಅದಕ್ಕೆ ಅವರು ಪಕ್ಕದ ಬೀದಿಯಿಂದ ನಿಪ್ಪಟ್ಟು ತರ್ತಿದ್ರು, ಹಾಲಲ್ಲಿ ನೆನೆಸೋಕೆ!

ಖಣ_ಮತ್ತು_ಇಳಕಲ್
ಆಂಟಿ ಹೇಳಿದ್ದು ಸರಿ ಇರಬಹುದು. ಆದರೆ ರೀಲ್ಸ್ ಪೂರ್ತಿ ದಂಡ ಅಂತ ಎಲ್ಲರೂ ತೀರ್ಮಾನ ಮಾಡಬೇಡಿ. ನಾನು ಗುಳೇದಗುಡ್ಡ ಖಣ, ಇಳಕಲ್ ಸೀರೆ ಮಾರುತ್ತೇನೆ. ನನ್ನ ಹತ್ತರಲ್ಲಿ ಏಳು ಗಿರಾಕಿ ರೀಲ್ಸ್ ನೋಡಿ ಬಂದವರು. ಅಕ್ಕ, ಬೂಸ್ಟ್ ಮಾಡುವಾಗ ಊರು ಏನು ಆರಿಸಿದ್ದಿರಿ?

ರೊಟ್ಟಿಅಕ್ಕ_ಧಾರವಾಡ
ಊರು ಆರಿಸಬೇಕಾ? ಅಕ್ಕನ ಮಗ ಇಂಡಿಯಾ ಅಂತ ಹಾಕಿದ್ದ.

ಖಣ_ಮತ್ತು_ಇಳಕಲ್
ಅಯ್ಯೋ ದೇವರೇ. ನಿಮ್ಮ ರೊಟ್ಟಿಯನ್ನು ಪಾಟ್ನಾದವರೂ ನೋಡಿ ಲೈಕ್ ಕೊಟ್ಟಿರುತ್ತಾರೆ. ಧಾರವಾಡ, ಹುಬ್ಬಳ್ಳಿ ಸುತ್ತ 15-20 ಕಿಲೋಮೀಟರ್ ಅಂತ ಹಾಕಿದ್ದರೆ 500 ರೂಪಾಯಿಯಲ್ಲಿ ಮುಗಿಯುತ್ತಿತ್ತು. ರೀಲ್‌ನಲ್ಲಿ ಏನಿತ್ತು?

ರೊಟ್ಟಿಅಕ್ಕ_ಧಾರವಾಡ
ಪ್ಯಾಕೆಟ್ ಫೋಟೋಗಳು. ಹಿಂದೆ ಹಿಂದಿ ಹಾಡು.

ಖಣ_ಮತ್ತು_ಇಳಕಲ್
ಹಾಡು ತೆಗೀರಿ. ಅತ್ತಿಯವರು ರೊಟ್ಟಿ ಬಡಿಯುವ ಸದ್ದು ಇರಲಿ. ಉತ್ತರ ಕರ್ನಾಟಕದವರು ಯಾವ ಊರಲ್ಲಿದ್ದರೂ ಆ ಸದ್ದಿಗೆ ತಿರುಗಿ ನೋಡುತ್ತಾರೆ. ದುಡ್ಡು ಹಾಕುವುದು ಆಮೇಲೆ ನೋಡೋಣ.

ಹೋಳಿಗೆ_ಆಂಟಿ_ತುಮಕೂರು
ಸೀರೆ ಕಣ್ಣಿಗೆ ಕಂಡರೆ ಅರ್ಧ ವ್ಯಾಪಾರ ಆದ ಹಾಗೆ. ತಿನ್ನೋ ವಸ್ತು ಹಾಗಲ್ಲ, ಬಾಯಿಗೆ ಹೋಗಬೇಕು. ಅದಕ್ಕೇ ಮೊದಲು ತಿಂದವರ ಹತ್ತಿರ ಹೋಗಿ ಅಂದಿದ್ದು.

ಸಬ್ಸಿಡಿ_ಮಾಹಿತಿ
ಪಿಎಂಎಫ್‌ಎಂಇ ಅನ್ನುವ ಸಣ್ಣ ಆಹಾರ ಉದ್ಯಮಗಳ ಸರ್ಕಾರಿ ಯೋಜನೆಯಲ್ಲಿ ರೊಟ್ಟಿ ಮಷಿನ್‌ಗೆ ಸಾಲ ಸಿಗುತ್ತದೆ, ಜೊತೆಗೆ 35 ಪರ್ಸೆಂಟ್ ಸಹಾಯಧನ. ಅರ್ಜಿ ಹಾಕಿ ಮೇಡಂ. ಗಂಟೆಗೆ ನೂರಾರು ರೊಟ್ಟಿ ಮಾಡಬಹುದು.

ಪ್ರೆಸ್_ಕಾಕಾ_ಹುಬ್ಬಳ್ಳಿ
ಅಣ್ಣಾ, ಇರುವ 300 ಹೋಗುತ್ತಿಲ್ಲ ಅಂತ ಆಕಿ ಅಳುತ್ತಿದ್ದಾಳೆ. ನೀವು ಇನ್ನೂ ಮಾಡು ಅನ್ನುತ್ತೀರಲ್ಲ!

---

ರೊಟ್ಟಿಅಕ್ಕ_ಧಾರವಾಡ (ಐದು ದಿನದ ನಂತರ)
ಫೋನ್ ಮಾಡಿದೆ. ಮೊದಲ ಎರಡು ಕರೆ ಮಾಡುವಾಗ ಕೈ ನಡುಗುತ್ತಿತ್ತು, ಸಾಲ ಕೇಳಲಿಕ್ಕೆ ಹೋದ ಹಾಗೆ. 24 ಮಂದಿಗೆ ಮಾಡಿದೆ, 17 ಮಂದಿ ಎತ್ತಿದರು. ಆಂಟಿ ಹೇಳಿದ ಹಾಗೇ ಕೇಳಿದೆ. ಬಂದ ಉತ್ತರ ಬರೆಯುತ್ತೇನೆ.

ಐದು ಮಂದಿ: "ನಿಮ್ಮ ನಂಬರ್ ಕಳೆದು ಹೋಗಿತ್ತು ಅಕ್ಕಾರ." ಪ್ಯಾಕೆಟ್ ಮೇಲೆ ಇಲ್ಲವಾ ಅಂತ ಕೇಳಿದೆ. ಇಲ್ಲ! ಎದ್ದು ಹೋಗಿ ನೋಡಿದೆ. ಸ್ಟಿಕರ್ ಮೇಲೆ ಹೆಸರು ಇದೆ, ಹೂವಿನ ಡಿಸೈನ್ ಇದೆ, ನಂಬರ್ ಇಲ್ಲ. ಎಂಟು ತಿಂಗಳಿಂದ ಇಲ್ಲ.

ನಾಲ್ಕು ಮಂದಿ: ಮನೆಯಲ್ಲಿ ಇಬ್ಬರೇ, 20 ರೊಟ್ಟಿ ಮುಗಿಯುವುದಿಲ್ಲ.

ಮೂರು ಮಂದಿ: ಅವರು ತಿನ್ನಲಿಕ್ಕೆ ಒಯ್ದದ್ದೇ ಅಲ್ಲ. ಮಗ, ಮಗಳು ರಜೆಗೆ ಬಂದಾಗ ಕಟ್ಟಿ ಕಳಿಸಲಿಕ್ಕೆ ಒಯ್ದದ್ದು. ಇಬ್ಬರ ಮಕ್ಕಳು ಬೆಂಗಳೂರಲ್ಲಿ, ಒಬ್ಬರದು ಪುಣೆಯಲ್ಲಿ. "ನೀವೇ ಅಲ್ಲಿಗೆ ಕಳಿಸ್ತೀರೇನು?" ಅಂತ ಮೂವರೂ ಕೇಳಿದರು.

ಇಬ್ಬರಿಗೆ ರೊಟ್ಟಿ ಮುರಿದು ಬಂದಿತ್ತಂತೆ. ಇಬ್ಬರು ಮನೆಯಲ್ಲೇ ಮಾಡುವವರು, ಬೀಗರು ಬಂದಾಗ ಮಾತ್ರ ಒಯ್ದಿದ್ದರು. ಒಬ್ಬರು ಅಗಸಿ ಹಿಂಡಿಗೆ ಉಪ್ಪು ಜಾಸ್ತಿ ಅಂದರು. ಅದು ನಿಜ, ಆ ವಾರ ಅತ್ತಿಗೆ ಹುಷಾರಿರಲಿಲ್ಲ, ನಾನೇ ಮಾಡಿದ್ದೆ.

ರುಚಿ ಸರಿ ಇಲ್ಲ ಅಂತ ಬಿಟ್ಟವರು ಒಬ್ಬರು. ನಂಬರ್ ಇಲ್ಲ ಅಂತ ಬಿಟ್ಟವರು ಐದು. ರಾತ್ರಿ ನಿದ್ದೆ ಬರಲಿಲ್ಲ.

ಪ್ರೆಸ್_ಕಾಕಾ_ಹುಬ್ಬಳ್ಳಿ
ಆ ಸ್ಟಿಕರ್ ಅಚ್ಚು ಹಾಕಿದವನಿಗೆ ಮೊದಲು ಬೈಯಬೇಕು. ನಂಬರ್ ಎಲ್ಲಿ ಅಂತ ಕೇಳಬೇಕಾದ್ದು ಅವನ ಕೆಲಸ.

ಹೊಸ ಸ್ಟಿಕರ್‌ನಲ್ಲಿ ಇಷ್ಟಾದರೂ ಇರಲೇಬೇಕು: ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ, ನಿವ್ವಳ ತೂಕ, ಎಂಆರ್‌ಪಿ, ಮಾಡಿದ ದಿನ, ಎಷ್ಟು ದಿನ ಇಡಬಹುದು, ನಿಮ್ಮ ವಿಳಾಸ, ಫೋನ್ ನಂಬರ್, ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ನೋಂದಣಿ ಸಂಖ್ಯೆ. ಇದು ಅಲಂಕಾರ ಅಲ್ಲ, ಕಾನೂನು. ಮಾಡಿದ ದಿನ ಮಾತ್ರ ಖಾಲಿ ಬಿಡು, ಮುದ್ರೆ ಒತ್ತಿಕೊಳ್ಳಬಹುದು. ಎಫ್‌ಎಸ್‌ಎಸ್‌ಎಐ ಮಾಡಿಸಿದ್ದೀ ತಾನೆ?

ರೊಟ್ಟಿಅಕ್ಕ_ಧಾರವಾಡ
ಮಾಡಿಸಿದ್ದೇನೆ ಕಾಕಾ. ಸಣ್ಣವರ ನೋಂದಣಿ. ನಾನು ಮಾಡಿಸಿದಾಗ ಸರ್ಕಾರಿ ಫೀ ವರ್ಷಕ್ಕೆ 100 ರೂಪಾಯಿ. ಮಧ್ಯದಲ್ಲಿ ಒಬ್ಬರು 2,500 ಕೇಳಿದ್ದರು, ಆಮೇಲೆ ಅಕ್ಕನ ಮಗನೇ ಆನ್‌ಲೈನ್‌ನಲ್ಲಿ ಮಾಡಿದ. ರೀಲ್ಸ್ ವಿಷಯದಲ್ಲಿ ಕೆಡಿಸಿದ್ದನ್ನು ಇದರಲ್ಲಿ ಸರಿ ಮಾಡಿದ.

ಲೆಕ್ಕದಹುಡುಗ
ಸಣ್ಣ ಉದ್ಯಮಗಳ 'ಉದ್ಯಮ್' ನೋಂದಣಿಯೂ ಹಾಗೇ, ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳಿದರೆ ಬೇರೆ ಯಾರದೋ ವೆಬ್‌ಸೈಟ್‌ಗೆ ಹೋಗಿದ್ದೀರಿ ಅಂತ ಅರ್ಥ.

ಸೊಸೆ_ಯಲಹಂಕ
ಅಕ್ಕಾ ನಮಸ್ಕಾರ. ನಾನು ಗದಗಿನವಳು, ಮದುವೆಯಾಗಿ ಯಲಹಂಕದಲ್ಲಿದ್ದೇನೆ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ನಮ್ಮ ಕಡೆಯವರು ಇಪ್ಪತ್ತು ಮನೆ ಮೇಲಿದ್ದೇವೆ. ಇಲ್ಲಿ ರೊಟ್ಟಿ ಸಿಗುತ್ತದೆ, ಆದರೆ ಮೈದಾ ಕಾಗದದ ಹಾಗಿರುತ್ತದೆ. ಒಂದೊಂದು ಮನೆಗೂ ಕೊರಿಯರ್ ಮಾಡಿದರೆ ನಿಮಗೂ ನಮಗೂ ದಂಡ. ಒಂದೇ ರಟ್ಟಿನ ಡಬ್ಬಿ ಬಸ್ಸಿಗೆ ಹಾಕಿ. ನಾನು ಇಳಿಸಿಕೊಂಡು ಹಂಚುತ್ತೇನೆ. ನನಗೆ ದುಡ್ಡು ಬೇಡ, ಡಬ್ಬಿಗೊಂದು ಗುರೆಳ್ಳು ಹಿಂಡಿ ಸಾಕು.

ರೊಟ್ಟಿಅಕ್ಕ_ಧಾರವಾಡ
ತಂಗೀ, ನಿನ್ನ ಬಾಯಿಗೆ ಸಕ್ಕರೆ ಹಾಕಲಿ. ಮುರಿಯದ ಹಾಗೆ ಕಳಿಸುವುದು ಹೇಗೆ?

ಪಾರ್ಸಲ್_ಮಾವ
ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಬೇಕಾದಷ್ಟಿವೆ. ಸರ್ಕಾರಿ ಬಸ್ಸಿನಲ್ಲಿ 2021ರಿಂದ 'ನಮ್ಮ ಕಾರ್ಗೋ' ಇದೆ, ಪಾರ್ಸಲ್ ತೆಗೆದುಕೊಳ್ಳುತ್ತಾರೆ. ರೊಟ್ಟಿ ಪೂರ್ತಿ ಆರಬೇಕು, ಬಿಸಿ ಇರುವಾಗ ಕಟ್ಟಿದರೆ ಬೆವೆತು ಮೆತ್ತಗಾಗುತ್ತದೆ. ಹತ್ತತ್ತರ ಅಡಕಲು ಮಾಡಿ, ಮೇಲೆ ಕೆಳಗೆ ರೊಟ್ಟಿ ಅಗಲದ ರಟ್ಟು ಕೊಟ್ಟು ಬಿಗಿಯಾಗಿ ಕಟ್ಟಿ. ಅಲ್ಲಾಡುವುದಕ್ಕೇ ಮುರಿಯುವುದು, ಭಾರಕ್ಕಲ್ಲ. ಡಬ್ಬಿ ಒಳಗೆ ಸಂದಿ ಇರಬಾರದು. ಸಂದಿಗೆ ಪೇಪರ್ ತುರುಕಬಹುದು, ಆದರೆ ನ್ಯೂಸ್‌ಪೇಪರ್ ರೊಟ್ಟಿಗೆ ತಾಗಬಾರದು, ಶಾಯಿ ಒಳ್ಳೆಯದಲ್ಲ. ಹಿಂಡಿ ಪ್ಯಾಕೆಟ್ ಬದಿಗೆ ಇಡಿ, ಮೇಲೆ ಬೇಡ.

ಸೊಸೆ_ಯಲಹಂಕ
ಇನ್ನೊಂದು ಅಕ್ಕಾ. ನೀವು 'ಹಿಂಡಿ' ಅಂತ ಬರೆಯುತ್ತೀರಿ. ನಮಗೆ ಗೊತ್ತು. ಇಲ್ಲಿ ನಮ್ಮ ಪಕ್ಕದ ಮನೆ ಮಂಡ್ಯದವರು ಹಿಂಡಿ ಅಂದರೆ ದನಕ್ಕೆ ಹಾಕುವುದಲ್ವಾ ಅಂತ ಕೇಳಿದರು! ಅವರಿಗೆ ಅದು 'ಶೇಂಗಾ ಚಟ್ನಿ ಪುಡಿ'. ಸ್ಟಿಕರ್ ಮೇಲೆ ಎರಡೂ ಹೆಸರು ಹಾಕಿ.

ಖಣ_ಮತ್ತು_ಇಳಕಲ್
ಇದು ಬಂಗಾರದಂಥ ಮಾತು. ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲೂ ಎರಡೂ ಹೆಸರು ಹಾಕಿ. ಅಂದ ಹಾಗೆ ಬಿಸಿನೆಸ್ ಆಪ್ ಹಾಕಿಕೊಂಡಿದ್ದೀರಾ? ಉಚಿತ. ಗಿರಾಕಿಗಳಿಗೆ ಲೇಬಲ್ ಹಚ್ಚಬಹುದು: 'ಒಂದೇ ಸಲ', 'ವಾರದವರು', 'ಬೆಂಗಳೂರು'. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಅದಕ್ಕೇ ಮೊದಲ ಆರ್ಡರ್ ಕೊಡುವಾಗಲೇ "ನಂಬರ್ ಸೇವ್ ಮಾಡಿಕೊಳ್ರಿ, ಸಜ್ಜಿ ರೊಟ್ಟಿ ಮಾಡಿದ ದಿನ ತಿಳಿಸ್ತೀನಿ" ಅನ್ನಿ. ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸಬೇಡಿ, ಬ್ಲಾಕ್ ಮಾಡುತ್ತಾರೆ.

ಗೂಗಲ್ ಮ್ಯಾಪ್‌ನಲ್ಲೂ ಹೆಸರು ಹಾಕಿ. ಅದಕ್ಕೂ ದುಡ್ಡಿಲ್ಲ. ಮನೆ ವಿಳಾಸ ಕಾಣಿಸಬಾರದು ಅಂದರೆ ಮರೆ ಮಾಡಿ, ಯಾವ ಯಾವ ಕಡೆ ಮುಟ್ಟಿಸುತ್ತೀರಿ ಅಂತಷ್ಟೇ ತೋರಿಸಬಹುದು. ಕಾಯಂ ಗಿರಾಕಿಗಳ ಹತ್ತಿರ ರಿವ್ಯೂ ಬರೆಸಿ. "ಬರೆದರೆ ಒಂದು ಪ್ಯಾಕೆಟ್ ಫ್ರೀ" ಅನ್ನಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ.

ಬೆಟ್ಟದತಪ್ಪಲು_ಮೈಸೂರು
ರೇಟ್ ಇಳಿಸಿ ಅಂದಿದ್ದಕ್ಕೆ ಎಲ್ಲರೂ ನನ್ನ ಮೇಲೆ ಬಿದ್ರಿ. ಆಯ್ತು. ಆದರೆ ಆ ಇಬ್ಬರೇ ಇರುವ ಮನೆಯವರಿಗೆ 10ರ ಪ್ಯಾಕೆಟ್ ಮಾಡಿ, 90 ಇಡಿ. ಕೊಳ್ಳೋರಿಗೆ ಕಡಿಮೆ ಅನ್ಸತ್ತೆ, ನಿಮಗೆ ಜಾಸ್ತಿ ಸಿಗತ್ತೆ.

ಲೆಕ್ಕದಹುಡುಗ
ಇದಕ್ಕೆ ನನ್ನ ಪೂರ್ತಿ ವೋಟು ಸರ್.

---

ರೊಟ್ಟಿಅಕ್ಕ_ಧಾರವಾಡ (ಮತ್ತೆ ಎಂಟು ದಿನ)
ಅರ್ಜೆಂಟ್. ಇವತ್ತು ಒಬ್ಬರು ಫೋನ್ ಮಾಡಿದರು. ಮಿಲಿಟರಿಯವರಂತೆ, ಹಿಂದಿಯಲ್ಲಿ ಮಾತಾಡಿದರು. 500 ರೊಟ್ಟಿ, 5 ಕಿಲೋ ಹಿಂಡಿ ಬೇಕಂತೆ. ರೇಟ್ ಚೌಕಾಸಿನೇ ಮಾಡಲಿಲ್ಲ. ಐಡಿ ಕಾರ್ಡ್ ಫೋಟೋ ಕಳಿಸಿದ್ದಾರೆ. ಅಡ್ವಾನ್ಸ್ ಹಾಕಲಿಕ್ಕೆ ಒಂದು ಕ್ಯೂಆರ್ ಕಳಿಸಿದ್ದಾರೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಬರುತ್ತದಂತೆ. ಮಾಡಲಾ?

ಪಾರ್ಸಲ್_ಮಾವ
ಬೇಡ ಬೇಡ ಬೇಡ!! ಫೋನ್ ಕೆಳಗಿಡಿ!

ಲೆಕ್ಕದಹುಡುಗ
ಅಕ್ಕ, ದುಡ್ಡು ಬರಲು ಪಿನ್ ಬೇಕಾಗಿಲ್ಲ. ಪಿನ್ ಕೇಳುವುದು ದುಡ್ಡು ಕೊಡುವಾಗ. ಸ್ಕ್ಯಾನ್ ಮಾಡಿ ಪಿನ್ ಒತ್ತಿದ ತಕ್ಷಣ ನಿಮ್ಮ ಖಾತೆಯಿಂದ ಹೋಗುತ್ತದೆ. ಸೈನಿಕರ ವೇಷ ಹಾಕಿ ಬೇಕರಿ, ಹೋಟೆಲ್, ಕೇಟರಿಂಗ್‌ನವರಿಗೆ ಹೀಗೆ ಮೋಸ ಮಾಡುವುದು ಹಳೆಯ ಆಟ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ರೊಟ್ಟಿಅಕ್ಕ_ಧಾರವಾಡ
ಹೋಗಿಲ್ಲ. "ನೀವೇ ಬಂದು ರೊಕ್ಕ ಕೊಟ್ಟು ಒಯ್ಯಿರಿ" ಅಂದೆ. ಬೈದು ಇಟ್ಟರು. ಅಷ್ಟರಲ್ಲಿ ಹಿಟ್ಟು ಎಷ್ಟು ಬೇಕು ಅಂತ ಅತ್ತಿ ಲೆಕ್ಕ ಹಾಕಿ ಕೂತಿದ್ದರು, ಪಾಪ.

ಇನ್ನೊಂದು ಕೇಳುವುದಿತ್ತು. ಯುಪಿಐನಲ್ಲಿ ದುಡ್ಡು ತೆಗೆದುಕೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತದೆ ಅಂತ ನಮ್ಮ ಮನೆಯವರು ಹೆದರಿಸುತ್ತಿದ್ದಾರೆ.

ಲೆಕ್ಕದಹುಡುಗ
2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದು ಗದ್ದಲ ಆಯಿತಲ್ಲ, ಅದರ ಹೆದರಿಕೆ ಇದು. ಬೆಂಗಳೂರಿನ ಎಷ್ಟೋ ಅಂಗಡಿಯವರು ಆಗ ಕ್ಯೂಆರ್ ತೆಗೆದು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದರು. ಆದರೆ ತೆರಿಗೆ ಯುಪಿಐ ಮೇಲಲ್ಲ, ವಹಿವಾಟಿನ ಮೇಲೆ. ಕ್ಯಾಶ್ ತೆಗೆದುಕೊಂಡರೂ ಲೆಕ್ಕ ಅದೇ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ನೀವು ಅದರ ಹತ್ತಿರವೂ ಇಲ್ಲ.

ಪುಣೆ ಮಾತ್ರ ಬೇರೆ ಕಥೆ. ತೆರಿಗೆ ಬೀಳುವ ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ 40 ಲಕ್ಷದ ರಿಯಾಯಿತಿ ನಡೆಯುವುದಿಲ್ಲ, ನೋಂದಣಿ ಬೇಕು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ತೆರಿಗೆ ಸೊನ್ನೆ ಆಗಿದೆ, ಹಿಂಡಿಗೆ ಹಾಗಿಲ್ಲ. ಸದ್ಯಕ್ಕೆ ಬೆಂಗಳೂರು ಸಾಕು. ಪುಣೆಗೆ ಹೋಗುವ ಮೊದಲು ನಿಮ್ಮೂರಿನ ಆಡಿಟರ್ ಒಬ್ಬರನ್ನು ಕೇಳಿ. ವಹಿಯಲ್ಲಿ ಮನೆ ದುಡ್ಡು, ರೊಟ್ಟಿ ದುಡ್ಡು ಬೇರೆ ಬೇರೆ ಇಡಿ. ತಂಗಿ ಕಳಿಸಿದ ಸಾಲದ ದುಡ್ಡೂ, ರೊಟ್ಟಿ ದುಡ್ಡೂ ಒಂದೇ ಖಾತೆಗೆ ಬಂದರೆ ಆಮೇಲೆ ಬಿಡಿಸಿ ಹೇಳುವುದು ಕಷ್ಟ.

ಹೋಳಿಗೆ_ಆಂಟಿ_ತುಮಕೂರು
ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಮಳಿಗೆ ಕೇಳಿ ನೋಡಿ. ಮೇಳದಲ್ಲಿ ಮಾರಾಟ ಆಗೋದು ಆ ದಿನದ ಮಾತು. ನಾನು ಮೇಳಕ್ಕೆ ಹೋದರೆ ಒಂದು ವಹಿ ಇಡ್ತೀನಿ, ರುಚಿ ನೋಡಿದವರ ನಂಬರ್ ಬರೆಸ್ಕೊತೀನಿ. ಹದಿನೈದು ದಿನ ಬಿಟ್ಟು ಫೋನ್ ಮಾಡ್ತೀನಿ.

---

ರೊಟ್ಟಿಅಕ್ಕ_ಧಾರವಾಡ (ಎರಡು ತಿಂಗಳ ನಂತರ)
ಕೇಳಿದವರಿಗೆಲ್ಲ ಲೆಕ್ಕ ಒಪ್ಪಿಸಬೇಕಲ್ಲ.

ಫೋನ್ ಎತ್ತಿದ 17 ಮಂದಿಯಲ್ಲಿ 9 ಮಂದಿ ಮತ್ತೆ ಒಯ್ದರು. ಹೊಸ ಸ್ಟಿಕರ್ ಕಾಕಾ ಅವರೇ ಹಾಕಿಕೊಟ್ಟರು, ನಂಬರ್ ಎಷ್ಟು ದೊಡ್ಡದು ಅಂದರೆ ನಮ್ಮ ಅತ್ತಿ ಚಾಳೀಸು ಇಲ್ಲದೆ ಓದುತ್ತಾರೆ. 10ರ ಪ್ಯಾಕೆಟ್ ಈಗ 20ರದ್ದಕ್ಕಿಂತ ಜಾಸ್ತಿ ಹೋಗುತ್ತದೆ. ಯಲಹಂಕಕ್ಕೆ ಮೊದಲ ಡಬ್ಬಿಯಲ್ಲಿ 18 ಪ್ಯಾಕೆಟ್ ಹೋದವು, 11 ರೊಟ್ಟಿ ಮುರಿದವು. ಎರಡನೆಯದರಲ್ಲಿ 31 ಪ್ಯಾಕೆಟ್, ಮುರಿದದ್ದು 4. ಈಗ ಬೆಂಗಳೂರಿನ ವಿಜಯನಗರದಿಂದ ಇನ್ನೊಬ್ಬರು ಹಾಗೇ ಡಬ್ಬಿ ಕೇಳಿದ್ದಾರೆ, ಅವರು ಇಲ್ಲಿ ಬರೆಯುವ ಯಲಹಂಕದ ಸೊಸೆಯ ಗೆಳತಿ.

ಅತ್ತಿ ರೊಟ್ಟಿ ಬಡಿಯುವ ರೀಲ್ ಹಾಕಿದೆ, ಹಾಡಿಲ್ಲದೆ, ದುಡ್ಡಿಲ್ಲದೆ. ನೋಡಿದವರು 2,300 ಅಷ್ಟೇ. ಆರ್ಡರ್ ಆರು ಬಂದವು. ಅತ್ತಿ ಈಗ ಸೀರೆ ಬದಲಿಸದೆ ಒಲೆ ಮುಂದೆ ಕೂರುವುದಿಲ್ಲ.

ದಿನಕ್ಕೆ ಸರಾಸರಿ 190 ಹೋಗುತ್ತಿವೆ. 300 ಆಗಿಲ್ಲ. ಒಂದು ಖಾನಾವಳಿಯವರು ಮೂರು ವಾರದ ಬಾಕಿ ಉಳಿಸಿಕೊಂಡಿದ್ದಾರೆ, ಅದು ಬೇರೆ ತಲೆನೋವು. 18,000ದ ಕಂಪನಿಯವರು ಇನ್ನೂ ಫೋನ್ ಮಾಡುತ್ತಾರೆ. ಈಗ 9,000ಕ್ಕೆ ಇಳಿದಿದ್ದಾರೆ.

ಪ್ರೆಸ್_ಕಾಕಾ_ಹುಬ್ಬಳ್ಳಿ
ಖಾನಾವಳಿ ಬಾಕಿಗೆ ಉಪಾಯ ಅದ. ಸೋಮವಾರ ರೊಟ್ಟಿ ಕೊಡುವಾಗ ಹಿಂದಿನ ವಾರದ್ದು ಕೈಯಲ್ಲಿ ಇಟ್ಟರೆ ಮಾತ್ರ ಬುಟ್ಟಿ ಇಳಿಸು. ಅತ್ತಿಯವರನ್ನು ಕಳಿಸು, ನೀ ಹೋಗಬೇಡ. ನಿನ್ನ ಮೋತಿ ನೋಡಿದರೆ ಯಾರಿಗೂ ಹೆದರಿಕೆ ಆಗುವುದಿಲ್ಲ.

ಸೊಸೆ_ಯಲಹಂಕ
ಅಕ್ಕಾ, ಮುಂದಿನ ಡಬ್ಬಿ ಸಂಕ್ರಾಂತಿಗೆ ನಾಲ್ಕು ದಿನ ಮೊದಲೇ ಬರಲಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ 22 ಪ್ಯಾಕೆಟ್ ಈಗಲೇ ಬರೆದುಕೊಳ್ಳಿ. ಗುರೆಳ್ಳು ಹಿಂಡಿ ಖಾರ ಹೆಚ್ಚಾಯಿತು ಅಂತ ಮಂಡ್ಯದವರು ಹೇಳಿದರು. ಕಡಿಮೆ ಮಾಡಬೇಡಿ. ಅವರಿಗೊಂದು ಬೇರೆ ಕಟ್ಟಿ, ಮೇಲೆ 'ಮಂಡ್ಯ' ಅಂತ ಬರೆಯಿರಿ.